ಅಪ್ಪನ ಎಂಜಿನ್

ಎಲ್ಲಕ್ಕೂ ಮೂಲ ಸ್ಟೇಷನ್ ಮಾಸ್ತರರ ಬಿಳಿ ಪ್ಯಾಂಟು.

ಭಾನುವಾರ ಬೆಳಿಗ್ಗೆ ಅದು ತನ್ನ ಪಾಡಿಗೆ ತಾನು ತಂತಿಯ ಮೇಲೆ ಕಾಲು ಇಳಿಬಿಟ್ಟುಕೊಂಡು ಒಣಗುತ್ತಿತ್ತು. ರೈಲ್ವೆ ಕೆಲಸದಿಂದ ನಿವೃತ್ತರಾದ ಮೇಲೂ ಮಾಸ್ತರರು ಬಿಳಿ ಪ್ಯಾಂಟು ಬಿಟ್ಟಿರಲಿಲ್ಲ. ರೈಲುಗಳು ಅವರನ್ನು ಬಿಟ್ಟಿದ್ದವು, ಅಷ್ಟೆ. ಅದೇ ಹೊತ್ತಿಗೆ ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ತಮ್ಮ ಹಳೆಯ ಕಾರಿನ ಕೀಲಿ ತಿರುಗಿಸಿದರು. ಕಾರು ಮೊದಲು ಭಾಷಣಕ್ಕೆ ಎದ್ದು ನಿಂತ ಮುದುಕನಂತೆ ಗಂಟಲು ಸರಿಮಾಡಿಕೊಂಡಿತು. ಆಮೇಲೆ ಕೆಮ್ಮಿತು. ಕೊನೆಗೆ ಬೀದಿಗೆ ಬೀದಿಯೇ ಬೆಚ್ಚಿಬೀಳುವಂತೆ ಒಂದು ಸಲ ಸೀನಿ, ಹೊಟ್ಟೆಯಲ್ಲಿದ್ದ ಕಪ್ಪು ಹೊಗೆಯನ್ನೆಲ್ಲ ಹಿಂದಿನಿಂದ ಕಕ್ಕಿ ಸುಮ್ಮನಾಯಿತು. ಹೊಗೆ ಅವಸರವೇನೂ ಇಲ್ಲದೆ ರಸ್ತೆ ದಾಟಿ, ಬೇರೆಲ್ಲೂ ಜಾಗ ಸಿಗಲಿಲ್ಲವೇನೋ ಎಂಬಂತೆ, ಹೋಗಿ ಆ ಪ್ಯಾಂಟಿನ ಮೇಲೆ ಕೂತಿತು.

ಮಾಸ್ತರರು ಅರ್ಧ ಗಡ್ಡ ಹೆರೆದು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡೇ ಹೊರಗೆ ಬಂದರು.

"ಏನ್ರೀ ಮೇಷ್ಟ್ರೇ ಇದು? ನಮ್ಮ ಕಾಲದ ಕಲ್ಲಿದ್ದಲ ಎಂಜಿನ್ನೂ ಇಷ್ಟು ಹೊಗೆ ಬಿಡ್ತಿರಲಿಲ್ಲ. ಬಿಟ್ಟರೂ ಒಂದು ರೈಲು ಜನಾನ ಊರು ಮುಟ್ಟಿಸ್ತಿತ್ತು. ನಿಮ್ಮದು ಇನ್ನೂ ಗೇಟೇ ದಾಟಿಲ್ಲ!"

"ಸ್ವಲ್ಪ ನೆಗಡಿ ಸಾರ್," ಎಂದರು ಮೇಷ್ಟ್ರು.

"ಯಾರಿಗೆ?"

"ಕಾರಿಗೆ."

ಗೇಟಿನ ಹತ್ತಿರ ಮೇಷ್ಟ್ರ ಹೆಂಡತಿ ನರ್ಸಿನ ಸಮವಸ್ತ್ರ ತೊಟ್ಟು, ಹೆಗಲಿಗೆ ಬ್ಯಾಗು ಹಾಕಿಕೊಂಡು ನಿಂತಿದ್ದರು. ಅವರ ಆಸ್ಪತ್ರೆ ಇದ್ದದ್ದು ಹೊಳೆಯಾಚೆ. ದೋಣಿ ಹತ್ತಿದರೆ ಎದುರುದಡವೇ ಆಸ್ಪತ್ರೆ; ಆದರೆ ದೋಣಿಯ ಎಂಜಿನ್ ಕೈಕೊಟ್ಟು ಅದು ದಡದಲ್ಲೇ ಮಲಗಿತ್ತು. ಸೇತುವೆ ಸುತ್ತಿಕೊಂಡು ಹೋಗುವ ಬಸ್ಸಂತೂ ತನಗೆ ತೋಚಿದಾಗ ಬರುವಂಥದ್ದು. ಹೀಗಾಗಿ ಈ ಕಾರೇ ಗತಿಯಾಗಿತ್ತು.

"ರೀ, ನಾನು ಬಸ್ಸಿಗೇ ಹೋಗ್ತೀನಿ. ಸಂಜೆ ಬರೋ ಹೊತ್ತಿಗೆ ಒಂದು ತೀರ್ಮಾನ ಆಗಿರಬೇಕು, ನೋಡಿ. ನಮ್ಮ ಆಸ್ಪತ್ರೇಲೂ ಇಷ್ಟು ಕಾಲ ಯಾರನ್ನೂ ತುರ್ತು ವಾರ್ಡಿನಲ್ಲಿ ಇಟ್ಕೊಳ್ಳಲ್ಲ. ಒಂದೋ ವಾಸಿ ಮಾಡ್ತೀವಿ, ಇಲ್ಲ ಮನೆಯವರನ್ನ ಕರೆದು ಹೇಳಿಬಿಡ್ತೀವಿ."

ಆಕೆ ಹೋದ ದಾರಿಯನ್ನೂ ಕಾರನ್ನೂ ನೋಡುತ್ತ ಮೇಷ್ಟ್ರು ನಿಂತರು.

ಆ ಕಾರು ಅವರ ಅಪ್ಪನದು. ಅಪ್ಪ ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದವರು. ಕಚೇರಿ, ಕೋರ್ಟು, ಶಾಲೆ ಎಂದು ಊರೂರು ಸುತ್ತುವುದೇ ಅವರ ಕಸುಬು. ಹಿಂದಿನ ಸೀಟಿನ ತುಂಬ ಟೈಪ್‌ರೈಟರ್‌ಗಳು, ಮುಂದಿನ ಸೀಟಿನಲ್ಲಿ ಮಗ. ಕಾರಿನೊಳಗೆ ಯಾವಾಗಲೂ ರಿಬ್ಬನ್ನಿನ ಶಾಯಿಯ ವಾಸನೆ. ರಜಾದಿನಗಳಲ್ಲಿ ಮಗನನ್ನೂ ಕರೆದೊಯ್ದು, ದಾರಿಯಲ್ಲಿ ಕಾಣುವ ಬೆಟ್ಟ, ಮರ, ಕೆರೆಯನ್ನೆಲ್ಲ ಹಳೆಯ ಕಾರ್ಬನ್ ಕಾಗದದ ಬೆನ್ನ ಮೇಲೆ ಚಿತ್ರ ಬಿಡಿಸಲು ಹಚ್ಚುತ್ತಿದ್ದರು. ಮೇಷ್ಟ್ರು ಡ್ರಾಯಿಂಗ್ ಮೇಷ್ಟ್ರಾದದ್ದೇ ಹಾಗೆ. ಅವರ ಬೆಟ್ಟಗಳೆಲ್ಲ ಇವತ್ತಿಗೂ ಸ್ವಲ್ಪ ಅಲುಗಾಡಿದಂತೆ ಇರುವುದೂ ಅದರಿಂದಲೇ.

ಎಲ್ಲಕ್ಕಿಂತ ಹೆಚ್ಚಾಗಿ ಅವರ ಮನಸ್ಸಿನಲ್ಲಿ ಉಳಿದದ್ದು ಆ ಎಂಜಿನ್ನಿನ ಶಬ್ದ. ಅದು ಬೇರೆ ಕಾರುಗಳ ಹಾಗೆ ಗುರ್ ಎನ್ನುತ್ತಿರಲಿಲ್ಲ. ಟಕ ಟಕ ಟಕ ಟಕ ಎಂದು ಓಡಿ, ನಡುನಡುವೆ ಒಂದು ಟಣ್ ಎನ್ನುತ್ತಿತ್ತು, ಸಾಲು ಮುಗಿದಾಗ ಟೈಪ್‌ರೈಟರ್ ಗಂಟೆ ಹೊಡೆಯುವ ಹಾಗೆ. "ಟೈಪ್‌ರೈಟರ್ ಹೊತ್ತೂ ಹೊತ್ತೂ ಅದಕ್ಕೂ ಅದೇ ಭಾಷೆ ಬಂದಿದೆ ಕಣೋ," ಎಂದು ಅಪ್ಪ ನಗುತ್ತಿದ್ದರು. ಅಪ್ಪ ತೀರಿಕೊಂಡು ಎಷ್ಟೋ ವರ್ಷಗಳಾಗಿದ್ದವು. ಆ ಟಣ್ ಮಾತ್ರ ಉಳಿದಿತ್ತು.

ಸುದ್ದಿ ಕೇಳಿ ಬೀದಿಯ ಕೊನೆಯ ಷೆಡ್ಡಿನಿಂದ ಮೆಕ್ಯಾನಿಕ್ ಬಂದ. ಅವನ ಅಪ್ಪನೂ ಮೆಕ್ಯಾನಿಕ್ಕೇ. ಈ ಕಾರನ್ನು ಮೊದಲಿನಿಂದ ನೋಡಿಕೊಂಡು ಬಂದವನು ಆ ಅಪ್ಪನೇ. ಅಪ್ಪ ಹೋದ ಮೇಲೆ ಷೆಡ್ಡೂ, ಹತಾರಗಳೂ, ಈ ಕಾರಿನ ಕಾಯಿಲೆಯೂ ಮಗನಿಗೆ ಬಂದಿದ್ದವು. ಅವನು ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೂ ಹಿಡಿಯನ್ನು ಕಿವಿಗೂ ಒತ್ತಿಕೊಂಡು, ಕೀಲಿ ತಿರುಗಿಸಲು ಹೇಳಿ, ದೂರದ ಊರಿನಿಂದ ಬಂದ ಕೆಟ್ಟ ಸುದ್ದಿ ಕೇಳುವವನಂತೆ ಮುಖ ಮಾಡಿದ.

"ಬೋರಿಗೆ ಬಂದಿದೆ ಮೇಷ್ಟ್ರೇ. ಸಿಲಿಂಡರು ಒಳಗೆಲ್ಲ ಸವೆದುಹೋಗಿದೆ. ಪೆಟ್ರೋಲು ಕುಡಿಯೋದಕ್ಕಿಂತ ಆಯಿಲ್ಲೇ ಜಾಸ್ತಿ ಕುಡೀತಿದೆ."

"ಅಂದ್ರೆ?"

"ಎರಡು ದಾರಿ. ಒಂದು, ಪೂರ್ತಿ ಬಿಚ್ಚಿ, ಬೋರ್ ಮಾಡಿಸಿ, ಪಿಸ್ಟನ್ನು, ರಿಂಗು ಎಲ್ಲ ಹೊಸದು ಹಾಕಿ ಮತ್ತೆ ಕಟ್ಟೋದು. ಬಿಚ್ಚಿದ ಮೇಲೆ ಒಳಗೆ ಏನು ಕಾದಿದೆಯೋ ಹೇಳಕ್ಕಾಗಲ್ಲ. ಇನ್ನೊಂದು, ಇದನ್ನ ಇಳಿಸಿ ಬೇರೆ ಎಂಜಿನ್ ಕೂರಿಸೋದು. ನಮ್ಮ ಷೆಡ್ಡಿನ ಮೂಲೇಲಿ ನಮ್ಮಪ್ಪನ ಕಾಲದ್ದು ಒಂದಿದೆ. ಇದೇ ಜಾತಿ ಎಂಜಿನ್. ಬೋರ್ ಮಾಡಿಸಿ, ಗ್ರೀಸು ಬಳಿದು, ಗೋಣಿ ಹೊದಿಸಿ ಇಟ್ಟಿದ್ದಾರೆ. ಎಲ್ಲಿಂದ ಬಂತೋ ಗೊತ್ತಿಲ್ಲ, ಮಾಲು ಮಾತ್ರ ಚಿನ್ನ. ಮಧ್ಯಾಹ್ನದ ಮೇಲೆ ದೋಣಿಯವನು ನೋಡಕ್ಕೆ ಬರ್ತಿದಾನೆ. ಅವನು ಬರೋದರೊಳಗೆ ನೀವು ಹೂಂ ಅಂದ್ರೆ ನಿಮಗೆ."

ಬಾಗಿಲಲ್ಲಿ ಕೂತು ಬಟಾಣಿ ಬಿಡಿಸುತ್ತಿದ್ದ ಮೇಷ್ಟ್ರ ಅಮ್ಮ ಕತ್ತೆತ್ತಿದರು. "ಯಾವ ಎಂಜಿನ್ನೋ ಅವನು ಹೇಳ್ತಿರೋದು? ಅವರಪ್ಪನ ಷೆಡ್ಡಿಂದಾ?"

"ಅಮ್ಮಾ, ಇದು ಬೋರು, ಪಿಸ್ಟನ್ನು, ರಿಂಗು. ನಿನಗೆ ತಿಳಿಯೋ ವಿಷಯ ಅಲ್ಲ. ಹೊಗೆ ಬೇರೆ ಇದೆ, ಒಳಗೆ ಹೋಗು."

"ಆಯ್ತಪ್ಪಾ. ತಿಳಿದೋರು ನೀವೇ ಮಾತಾಡ್ಕೊಳ್ಳಿ," ಎಂದು ಅಮ್ಮ ಮೊರ ಎತ್ತಿಕೊಂಡು ಒಳಗೆ ನಡೆದರು.

ಯಾವ ದಾರಿ ಹಿಡಿದರೂ ಕಾರು ಮೊದಲು ಷೆಡ್ಡಿಗೆ ಹೋಗಬೇಕಿತ್ತು, ಮತ್ತು ತಾನಾಗಿ ಹೋಗುವ ಸ್ಥಿತಿಯಲ್ಲಿ ಅದು ಇರಲಿಲ್ಲ. ಪ್ಯಾಂಟಿನ ದುಃಖವನ್ನು ಪಕ್ಕಕ್ಕಿಟ್ಟು ಸ್ಟೇಷನ್ ಮಾಸ್ತರರೇ ಮುಂದಾಳತ್ವ ವಹಿಸಿದರು. ನೊರೆ ಒರೆಸಿಕೊಂಡು, ಒಳಗಿನಿಂದ ತಮ್ಮ ಹಳೆಯ ಸೀಟಿಯನ್ನೂ ಒಂದು ಹಸಿರು ಟವೆಲನ್ನೂ ತಂದರು.

"ಗಾಡಿ ಹೊರಡೋ ಮುಂಚೆ ಸೀಟಿ. ಸೀಟಿ ಇಲ್ದೆ ಯಾರೂ ತಳ್ಳಬಾರದು. ಇಲಾಖೇಲಿ ನನ್ನ ಕೈ ಕೆಳಗೆ ಒಂದೇ ಒಂದು ಅಪಘಾತ ಆಗಿಲ್ಲ, ತಿಳ್ಕೊಳ್ಳಿ."

ಅಮ್ಮ ಮತ್ತೆ ಗೇಟಿನವರೆಗೆ ಬಂದು ಏನೋ ಕೂಗಿ ಹೇಳಿದರು. ಅದೇ ಕ್ಷಣಕ್ಕೆ ಮಾಸ್ತರರು ಸೀಟಿ ಊದಿದರು. ಮೇಷ್ಟ್ರು ಕೈಬೀಸಿ "ಊಟದ ಹೊತ್ತಿಗೆ ಬರ್ತೀನಮ್ಮಾ" ಎಂದರು. ಕಾರು ಹೊರಟಿತು.

ಹಿಟ್ಟಿನ ಗಿರಣಿಯ ಮುಂದೆ ಗಿರಣಿ ಅಕ್ಕ ಅಡ್ಡಬಂದಳು. ರೆಪ್ಪೆ, ಹುಬ್ಬು, ತಲೆಕೂದಲೆಲ್ಲ ಹಿಟ್ಟು ಮೆತ್ತಿ, ಇನ್ನೂ ಬಣ್ಣ ತುಂಬದ ಚಿತ್ರದಂತಿದ್ದಳು. ಗಿರಣಿಯ ಸದ್ದಿನಲ್ಲಿ ಬೆಳೆದ ಗಂಟಲು ಅವಳದು. ಗುಟ್ಟು ಹೇಳಿದರೂ ಪಕ್ಕದ ಬೀದಿಗೆ ಕೇಳುತ್ತಿತ್ತು. ಅವಳಿಗೂ ಕಾರಿಗೂ ಹಳೆಯ ನಂಟು. ಅವಳ ತಾಯಿಗೆ ಹೆರಿಗೆ ನೋವು ಬಂದಾಗ ಮೇಷ್ಟ್ರ ಅಪ್ಪ ಈ ಕಾರಿನಲ್ಲೇ ಆಸ್ಪತ್ರೆಗೆ ಹೊರಟಿದ್ದರು. ಸೇತುವೆ ತಲುಪುವಷ್ಟರಲ್ಲಿ, ಹಿಂದಿನ ಸೀಟಿನಲ್ಲಿ, ಎರಡು ಟೈಪ್‌ರೈಟರ್‌ಗಳ ನಡುವೆ, ಅವಳು ಹುಟ್ಟಿಬಿಟ್ಟಿದ್ದಳು.

"ಅಣ್ಣಾ! ನನ್ನ ತವರುಮನೇನ ಎಲ್ಲಿಗೆ ತಳ್ಕೊಂಡು ಹೋಗ್ತಿದ್ದೀರಾ?"

ಮೇಷ್ಟ್ರು ವಿಷಯ ಹೇಳಿದರು.

"ಅಷ್ಟೇನಾ? ಬೇರೆ ಹಾಕ್ಸಿ ಬಿಸಾಕಣ್ಣ. ನನ್ನ ಗಿರಣಿ ಮೋಟಾರು ಸುಟ್ಟಾಗ ನಾನೇನು ಅತ್ಕೊಂಡು ಕೂತಿದ್ನಾ? ಬೇರೆ ತಂದು ಕೂರ್ಸಿದೆ. ಯಾವ ಮೋಟಾರು ಬೀಸ್ತು ಅಂತ ಹಿಟ್ಟಿಗೆ ಗೊತ್ತಾಗುತ್ತಾ?"

"ಸರಿಯಾಗಿ ಹೇಳ್ದೆ ನೋಡು," ಎಂದರು ಮಾಸ್ತರರು. "ನಮ್ಮ ಇಲಾಖೇಲಿ ಎಂಜಿನ್ ಬದಲಾಯಿಸೋದು ಅಂದ್ರೆ ಟೀ ಕುಡಿಯೋ ಹೊತ್ತಿನ ಕೆಲಸ. ಹಳೇದು ಬಿಚ್ಚು, ಹೊಸದು ಜೋಡಿಸು, ಹೊರಡು. ಒಳಗೆ ಕೂತ ಪ್ರಯಾಣಿಕರಿಗೆ ನಿದ್ದೆಯಿಂದ ಎಚ್ಚರಾನೂ ಆಗ್ತಿರಲಿಲ್ಲ."

ಮೇಷ್ಟ್ರು ಬಾಯಿ ತೆರೆಯುವುದರೊಳಗೆ ಗಿರಣಿ ಅಕ್ಕ ಕಾರಿನ ಹಿಂಭಾಗಕ್ಕೆ ಎರಡೂ ಕೈಯೂರಿ ಒಂದು ತಳ್ಳು ತಳ್ಳಿದಳು. ಮೂಟೆ ಎತ್ತಿ ಪಳಗಿದ ಕೈ ಅದು. ಮುಂದೆ ಇಳಿಜಾರು ಬೇರೆ. ಬೆಳಗಿನಿಂದ ಒಂದು ಹೆಜ್ಜೆ ಇಡಲೂ ಒಲ್ಲೆ ಎಂದಿದ್ದ ಕಾರು, ಶಾಲೆ ಬಿಟ್ಟ ಮಗುವಿನಂತೆ ಓಡತೊಡಗಿತು. ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗ್ ಹಿಡಿದಿದ್ದ ಮೇಷ್ಟ್ರು ಅದರ ಪಕ್ಕದಲ್ಲಿ ಓಡಿದರು. ಮಾಸ್ತರರು ಹಸಿರು ಟವೆಲ್ ಬೀಸುತ್ತ ಹಿಂದೆ ಓಡಿದರು.

"ಕೆಂಪು ಬೀಸಿ ಸಾರ್, ಕೆಂಪು!" ಎಂದು ಮೇಷ್ಟ್ರು ಕೂಗಿದರು.

"ಕೆಂಪು ಟವೆಲ್ ಒಗೆಯಕ್ಕೆ ಹಾಕಿದೆ ಕಣ್ರೀ!"

ಕಾರು ಹಾಲಿನ ಡಬ್ಬಿಯೊಂದನ್ನು ಉರುಳಿಸಿ, ಒಂದು ಸೈಕಲ್ಲನ್ನು ಹೆದರಿಸಿ, ಕೊನೆಗೆ ಬಾಗಿಲು ತೆರೆದಿದ್ದ ಷೆಡ್ಡಿನೊಳಗೆ ನೇರವಾಗಿ ನುಗ್ಗಿ, ಮೂಲೆಯಲ್ಲಿ ಗೋಣಿ ಹೊದ್ದು ಕೂತಿದ್ದ ಗುಡ್ಡೆಗೆ ಮೆಲ್ಲಗೆ ಮೂಗು ತಾಗಿಸಿ ನಿಂತಿತು.

"ನೋಡಿ, ಕಾರೇ ಹೋಗಿ ಆರಿಸ್ಕೊಂಡಿತು," ಎಂದ ಮೆಕ್ಯಾನಿಕ್. "ನಾನು ಹೇಳಿದ ಎಂಜಿನ್ ಇದೇ."

ಗೋಣಿ ಸರಿಸಿ ತೋರಿಸಿದ. ಗ್ರೀಸಿನ ಪದರದಡಿಯಲ್ಲಿ ಎಂಜಿನ್ ಎಣ್ಣೆ ಹಚ್ಚಿದ ಕಲ್ಲಿನಂತೆ ಮಿರುಗುತ್ತಿತ್ತು. ಮಾಸ್ತರರು "ಭೇಷ್" ಎಂದರು. ಗಿರಣಿ ಅಕ್ಕ ಅದರ ಮೈ ತಟ್ಟಿ, ಮೂಟೆ ತಟ್ಟಿ ಧಾನ್ಯ ಹೇಳುವವಳಂತೆ, "ಗಟ್ಟಿ ಇದೆ" ಎಂದಳು. ಎಲ್ಲರೂ ಮೇಷ್ಟ್ರ ಮುಖ ನೋಡಿದರು.

ಸ್ಟಾಫ್ ರೂಮಿನಲ್ಲಿ ಚಹಾ ಬೇಕೋ ಕಾಫಿ ಬೇಕೋ ಎಂದರೂ "ಎಲ್ಲರಿಗೆ ಯಾವುದೋ ಅದೇ" ಎನ್ನುವ ಮನುಷ್ಯ ಮೇಷ್ಟ್ರು. ಆದರೆ ಆ ಹೊತ್ತು ಅವರಿಗೆ ಏನಾಯಿತೋ, ಕಾರಿನ ಬಾನೆಟ್ಟಿನ ಮೇಲೆ ಕೈಯಿಟ್ಟು, ಹಿಂದೆಂದೂ ಆಡದಷ್ಟು ಮಾತಾಡಿದರು.

"ನೀವೆಲ್ಲ ಹೇಳೋದು ಸರಿ. ಬೇರೆ ಎಂಜಿನ್ ಹಾಕಿದ್ರೆ ಕಾರು ಓಡುತ್ತೆ. ಆದರೆ ಅದು ಯಾರದೋ ಎಂಜಿನ್. ಎಲ್ಲಿತ್ತೋ, ಯಾರನ್ನ ಹೊತ್ತಿತ್ತೋ. ಇದು ಹಾಗಲ್ಲ. ನನಗೆ ಚಿಕ್ಕಂದಿನಲ್ಲಿ ಜ್ವರ ಬಂದ್ರೆ ನಿದ್ದೆ ಬರ್ತಿರಲಿಲ್ಲ. ಅಪ್ಪ ನನ್ನ ಮುಂದಿನ ಸೀಟಲ್ಲಿ ಮಲಗಿಸಿ, ಹೊಳೆ ದಂಡೆವರೆಗೂ ಹೋಗಿ ಬರ್ತಿದ್ರು. ಈ ಟಕ ಟಕ ಕೇಳ್ತಾ ಕೇಳ್ತಾ ಮಲಗಿಬಿಡ್ತಿದ್ದೆ. ಕಾರು ಓಡಿಸೋದು ಕಲಿಸಿದಾಗ ಏನಂತಿದ್ರು ಗೊತ್ತಾ? 'ರಸ್ತೆ ಕಣ್ಣಿಂದ ನೋಡು, ಎಂಜಿನ್ನ ಕಿವಿಯಿಂದ ನೋಡು.' ಅಪ್ಪ ಹೋದ ಮೇಲೆ ಅವರ ದನಿ ನನಗೆ ಮರೀತಾ ಬಂತು. ನಿಜ ಹೇಳ್ತೀನಿ. ಎಷ್ಟು ನೆನಪು ಮಾಡ್ಕೊಂಡ್ರೂ ಬರಲ್ಲ. ಆದರೆ ಕೀಲಿ ತಿರುಗಿಸಿ, ಆ ಟಣ್ ಅಂದ ತಕ್ಷಣ, ಪಕ್ಕದಲ್ಲಿ ಅವರು ಕೂತು ಏನೋ ಹೇಳಕ್ಕೆ ಬಾಯಿ ತೆಗೆದ ಹಾಗಾಗುತ್ತೆ. ಹೇಳಲ್ಲ. ಆದರೆ ಇನ್ನೇನು ಹೇಳ್ತಾರೆ ಅನ್ನಿಸುತ್ತೆ. ಇದನ್ನ ಇಳಿಸಿ ಗುಜರಿಗೆ ಹಾಕು ಅಂತೀರಲ್ಲ."

ಗಿರಣಿ ಅಕ್ಕನ ಕೆನ್ನೆಯ ಹಿಟ್ಟಿನಲ್ಲಿ ಒಂದು ಗೆರೆ ಇಳಿದಿತ್ತು.

ಮಾಸ್ತರರು ಕೆಮ್ಮಿದರು. "ನಿಮ್ಮಪ್ಪ ದೊಡ್ಡ ಮನುಷ್ಯರು ಕಣ್ರೀ. ಒಂದು ಸಲ ನಮ್ಮ ಸ್ಟೇಷನ್ನಿನ ಟೈಪ್‌ರೈಟರಿನಲ್ಲಿ 'ತ' ಬಿದ್ದುಹೋಗಿತ್ತು. 'ರೈಲು ತಡವಾಗಿ ಬರಲಿದೆ' ಅಂತ ಹೊಡೆದ್ರೆ 'ರೈಲು ಡವಾಗಿ ಬರಲಿದೆ' ಅಂತ ಬಂತು. ಹಾಗೇ ಅಂಟಿಸಿಬಿಟ್ಟೆ. ಡವಾಗಿ ಅನ್ನೋದು ಯಾವ ಊರು ಸಾರ್, ರೈಲು ಅಲ್ಲಿಂದ ಬರುತ್ತೋ ಅಲ್ಲಿಗೆ ಹೋಗುತ್ತೋ ಅಂತ ಕೇಳಿ ಕೇಳಿ ಜನ ನನ್ನ ಪ್ರಾಣ ತಿಂದ್ರು. ನಿಮ್ಮಪ್ಪ ಊಟ ಬಿಟ್ಟು ಬಂದು ಸರಿ ಮಾಡಿಕೊಟ್ರು. ಇದೇ ಕಾರಲ್ಲೇ ಬಂದದ್ದು. ಈ ಟಣ್ ನಾನೂ ಕೇಳಿದ್ದೀನಿ." ಹಸಿರು ಟವೆಲನ್ನು ಹೆಗಲಿಗೆ ಹಾಕಿಕೊಂಡು, "ಪ್ಯಾಂಟು ಹೋಗ್ಲಿ ಬಿಡಿ. ಎಂಜಿನ್ ಉಳಿಸ್ಕೊಳ್ಳಿ," ಎಂದರು.

"ಬಿಚ್ಚಿ ಕಟ್ಟಪ್ಪಾ," ಎಂದಳು ಗಿರಣಿ ಅಕ್ಕ ಮೆಕ್ಯಾನಿಕ್ಕನಿಗೆ. "ತವರುಮನೆ ಅಂದ್ರೆ ಗೋಡೆ ಅಲ್ಲ, ಒಳಗಿರೋರು."

ಮೆಕ್ಯಾನಿಕ್ ತಲೆಯಾಡಿಸಿ ಸ್ಪಾನರು ಎತ್ತಿಕೊಂಡ. ತೊಲೆಗೆ ಸರಪಳಿ ಕಟ್ಟಿ ಅಪ್ಪನ ಎಂಜಿನ್ನನ್ನು ಕಾರಿನಿಂದ ಮೇಲಕ್ಕೆತ್ತುವ ಹೊತ್ತಿಗೆ ಮೇಷ್ಟ್ರು, ಆಪರೇಷನ್ ಕೋಣೆಯ ಹೊರಗೆ ಕೂತ ಬಂಧುವಿನಂತೆ, ಬೇರೆ ಕಡೆ ಮುಖ ತಿರುಗಿಸಿದ್ದರು. ಊಟಕ್ಕೆ ಮನೆಗೆ ಹೋಗುವುದೂ ಮರೆತುಹೋಯಿತು.

ಮಧ್ಯಾಹ್ನ ಇಳಿಯುತ್ತಿದ್ದಂತೆ ದೋಣಿಯವನು ತಳ್ಳುಗಾಡಿ ತಂದ. ಗೋಣಿ ಸರಿಸಿ ನೋಡಿದ, ಬಗ್ಗಿ ನೋಡಿದ, ಮೂಸಿ ನೋಡಿದ. ಮುಖದಲ್ಲಿ ಅನುಮಾನ.

"ಇಷ್ಟು ವರ್ಷ ಓಡದೆ ಕೂತಿದ್ದ ಎಂಜಿನ್ನು. ಯಾರದ್ದೋ ಏನೋ. ನಡುಹೊಳೇಲಿ ನಿಂತ್ರೆ ನಾನೇನು ಮಾಡ್ಲಿ? ಬೇಡ ಬಿಡಪ್ಪಾ, ಬೇರೆ ನೋಡ್ತೀನಿ."

ಅವನು ಹೊರಟೇಬಿಟ್ಟಿದ್ದ. ಆದರೆ ಮೇಷ್ಟ್ರ ಮನಸ್ಸು ಆಗ ಬೆಣ್ಣೆಯಾಗಿತ್ತು. ತನ್ನ ಎಂಜಿನ್ ಉಳಿದ ಸಂತೋಷದಲ್ಲಿ, ಮೂಲೆಯಲ್ಲಿ ಅನಾಥವಾಗಿ ಕೂತ ಈ ಇನ್ನೊಂದಕ್ಕೂ ಒಂದು ನೆಲೆಯಾಗಲಿ ಎನ್ನಿಸಿತು. ಓಡಿಹೋಗಿ ದೋಣಿಯವನ ತೋಳು ಹಿಡಿದರು.

"ಹಾಗೆಲ್ಲ ಬಿಟ್ಟು ಹೋಗಬೇಡಪ್ಪಾ. ಇಷ್ಟು ಜೋಪಾನವಾಗಿ ಗ್ರೀಸು ಬಳಿದು ಇಟ್ಟಿದ್ದಾರೆ ಅಂದ್ರೆ ಇದರ ಮೇಲೆ ಯಾರೋ ಜೀವ ಇಟ್ಟಿದ್ದವರೇ ಇರಬೇಕು. ಇಂಥಾದ್ದು ಮತ್ತೆ ಸಿಗಲ್ಲ. ಕಣ್ಣು ಮುಚ್ಕೊಂಡು ತಗೊಂಡು ಹೋಗು. ಆಮೇಲೆ ಯಾರು ಬಂದು ಕೇಳಿದ್ರೂ ಕೊಡಬೇಡ!"

"ಓದಿದೋರು ನೀವೇ ಹೇಳ್ತಿದ್ದೀರಲ್ಲ. ಆಯ್ತು ಮೇಷ್ಟ್ರೇ," ಎಂದ ದೋಣಿಯವನು.

ಬೊಂಬಿಗೆ ಹಗ್ಗ ಕಟ್ಟಿ ಎತ್ತುವಾಗ ಒಂದು ತುದಿಗೆ ಮೇಷ್ಟ್ರು ತಾವೇ ಹೆಗಲು ಕೊಟ್ಟರು. ಬ್ರಷ್ಷಿಗಿಂತ ಭಾರವಾದದ್ದನ್ನು ಎತ್ತಿ ಅವರಿಗೆ ಅಭ್ಯಾಸವಿರಲಿಲ್ಲ. ಎಂಜಿನ್ ತಳ್ಳುಗಾಡಿ ಸೇರುವುದಕ್ಕೂ ಅವರ ಸೊಂಟ ಕಟಕ್ ಎನ್ನುವುದಕ್ಕೂ ಸರಿಹೋಯಿತು. ಬಗ್ಗಿದವರು ಬಗ್ಗಿದ ಹಾಗೇ ಉಳಿದರು. ಆ ಭಂಗಿಯಲ್ಲೇ ಗೋಣಿಯನ್ನು ತಟ್ಟಿ, "ಹೋಗಿ ಬಾಪ್ಪಾ" ಎಂದು ಬೀಳ್ಕೊಟ್ಟರು. ಮಾಸ್ತರರು ಹಸಿರು ಟವೆಲ್ ಬೀಸಿದರು.

ಸಂಜೆ ಹೆಂಡತಿ ಆಸ್ಪತ್ರೆಯಿಂದ ಬಂದಾಗ ಮೇಷ್ಟ್ರು ಚಾಪೆಯ ಮೇಲೆ ಬೋರಲು ಬಿದ್ದಿದ್ದರು. ಆಕೆ ಬ್ಯಾಗನ್ನೂ ಇಳಿಸದೆ ಮುಲಾಮು ತೆಗೆದು, ನರ್ಸುಗಳಿಗೆ ಮಾತ್ರ ಸಾಧ್ಯವಾದ ನಿರ್ದಯೆಯಿಂದ ತಿಕ್ಕತೊಡಗಿದರು. ನಡುನಡುವೆ ಅಯ್ಯೋ ಅಮ್ಮಾ ಎನ್ನುತ್ತ ಮೇಷ್ಟ್ರು ದಿನದ ಕತೆಯೆಲ್ಲ ಹೇಳಿದರು.

"ಹೋಗ್ಲಿ ಬಿಡಿ," ಎಂದರು ಹೆಂಡತಿ. ಕೈ ಸ್ವಲ್ಪ ಮೆತ್ತಗಾಗಿತ್ತು. "ಮಾವನವರ ಎಂಜಿನ್ ಅಂತ ಅಷ್ಟು ಆಸೆ ಇದ್ರೆ ಬಿಚ್ಚಿಸಿಯೇ ಕಟ್ಟಿಸಿ. ಇನ್ನೊಂದಷ್ಟು ದಿನ ಬಸ್ಸು ಕಾಯ್ತೀನಿ."

ಬಿಸಿನೀರಿನ ಚೀಲ ಹಿಡಿದು ಬಂದ ಅಮ್ಮ ಅಲ್ಲೇ ನಿಂತರು.

"ಯಾವುದು ಕಟ್ಟಿಸ್ತಿರೋದು? ಕಾರಲ್ಲಿದ್ದದ್ದಾ?"

"ಹೂಂ ಅಮ್ಮ. ಅಪ್ಪನ ಎಂಜಿನ್."

"ಅದ್ಯಾವಾಗಿಂದ ನಿಮ್ಮಪ್ಪಂದಾಯ್ತೋ? ಅದು ನಾಯಿ ಹಿಡಿಯೋ ವ್ಯಾನಿಂದು."

ಮೇಷ್ಟ್ರು ಸೊಂಟ ಮರೆತು ಕತ್ತೆತ್ತಿದರು.

ಅಮ್ಮ ಚೀಲವನ್ನು ಮಗನ ಬೆನ್ನ ಮೇಲಿಟ್ಟು, ಪಕ್ಕದಲ್ಲಿ ಕೂತು, ಮೊನ್ನೆ ಮೊನ್ನೆಯ ಮಾತೆಂಬಂತೆ ಹೇಳಿದರು. "ನೀನಿನ್ನೂ ಚಿಕ್ಕವನು. ನಿಮ್ಮಪ್ಪನ ಎಂಜಿನ್ ನಡುದಾರೀಲಿ ಕೈಕೊಡ್ತು. ಸರಿ ಮಾಡಕ್ಕೆ ತಿಂಗಳುಗಟ್ಟಲೆ ಆಗುತ್ತೆ ಅಂದ ಈ ಹುಡುಗನ ಅಪ್ಪ. ಅಲ್ಲೀವರೆಗೂ ಹೊಟ್ಟೆಪಾಡಿಗೆ ಏನು ಮಾಡೋದು? ನಾಯಿ ಹಿಡಿಯೋ ವ್ಯಾನೊಂದು ಮೋರಿಗೆ ಬಿದ್ದು ಹಾಳಾಗಿತ್ತು. ಅದರ ಎಂಜಿನ್ ತಾತ್ಕಾಲಿಕ ಅಂತ ತಂದು ಹಾಕಿದ್ರು. ತಾತ್ಕಾಲಿಕ ಅಂತ ಬಂದೋರು ಎಲ್ಲಾದ್ರೂ ಎದ್ದು ಹೋಗ್ತಾರಾ? ಅದು ಚೆನ್ನಾಗೇ ಓಡ್ತು. ನಿಮ್ಮಪ್ಪ ತನ್ನದನ್ನ ಬೋರ್ ಮಾಡಿಸಿ, ಷೆಡ್ಡಿನ ಮೂಲೇಲಿ ಗೋಣಿ ಹೊದಿಸಿ ಇಡಿಸಿದ್ರು. 'ಇರ್ಲಿ, ಮುಂದೆ ಇದು ಸವೆದ ಕಾಲಕ್ಕೆ ಅವನಿಗೆ ಆಗುತ್ತೆ' ಅಂತ."

"ನನಗೆ ಯಾಕೆ ಹೇಳಲಿಲ್ಲ?"

"ಆವತ್ತು ಎಂಜಿನ್ ಇಳಿಸ್ತಾರೆ ಅಂತ ತಿಳಿದು ಊಟ ಬಿಟ್ಟು ಕೂತಿದ್ದೆಯಲ್ಲೋ ನೀನು. ಅದಕ್ಕೇ ನಿಮ್ಮಪ್ಪ 'ಅದೇ ಎಂಜಿನ್ ಕಣೋ, ತೊಳೆದು ಹಾಕಿದ್ದೀವಿ ಅಷ್ಟೆ' ಅಂದ್ರು. ನೀನು ನಂಬಿದೆ. ಎದ್ದು ಉಂಡೆ. ಇವತ್ತು ಬೆಳಿಗ್ಗೆ ಎರಡು ಸಲ ನಾನೇ ಹೇಳಕ್ಕೆ ಬಂದೆ. ನನಗೆ ತಿಳಿಯೋ ವಿಷಯ ಅಲ್ಲ ಅಂದೆ ನೀನು. ಸುಮ್ಮನಾದೆ."

ಮೇಷ್ಟ್ರು ಎದ್ದರು. ಎದ್ದರು ಎನ್ನುವುದಕ್ಕಿಂತ, ಮಡಚಿದ ಕೊಡೆ ಅರ್ಧ ಬಿಚ್ಚಿಕೊಂಡಂತೆ ಆದರು. ರಸ್ತೆಗೆ ಬಂದು ಮಾಸ್ತರರನ್ನು ಕೂಗಿದರು. ಮಾಸ್ತರರು ಮರುಮಾತಿಲ್ಲದೆ ಸೈಕಲ್ ತೆಗೆದು ಅವರನ್ನು ಹಿಂದೆ ಕೂರಿಸಿಕೊಂಡು ಹೊಳೆಯ ಕಡೆ ತುಳಿದರು.

ದಡದಲ್ಲಿ ಇನ್ನೂ ಬೆಳಕಿತ್ತು. ದೋಣಿಯೊಳಗೆ ಎಂಜಿನ್ ಕೂತು, ಬೋಲ್ಟು ಬಿಗಿಯುವ ಕೆಲಸ ಮುಗಿಯುತ್ತ ಬಂದಿತ್ತು. ಮೇಷ್ಟ್ರು ದಮ್ಮು ಕಟ್ಟಿ ಎಲ್ಲವನ್ನೂ ಹೇಳಿದರು. ಬೇಕಾದ್ದು ಕೊಡುತ್ತೇನೆಂದರು. ಕೈ ಮುಗಿದರು, ಸೊಂಟ ಬಗ್ಗಿಯೇ ಇದ್ದುದರಿಂದ ಅದು ಅಡ್ಡಬಿದ್ದಂತೆಯೇ ಕಂಡಿತು.

ದೋಣಿಯವನು ಬೋಲ್ಟಿನ ಮೇಲಿಂದ ಕಣ್ಣೆತ್ತಲಿಲ್ಲ. "ಮೇಷ್ಟ್ರೇ, ಯಾರು ಬಂದು ಕೇಳಿದ್ರೂ ಕೊಡಬೇಡ ಅಂದೋರು ನೀವೇ ತಾನೇ?"

"ನಾನು ಅಂದಿದ್ದು ಬೇರೆಯವರಿಗೆ ಕಣಪ್ಪಾ!"

"ಹೂಂ, ಬರೋರೆಲ್ಲ ಹಾಗೇ ಅಂತಾರೆ," ಎಂದು ಅವನು ಕೊನೆಯ ಸುತ್ತು ಬಿಗಿದ.

ಮರಳಿ ಷೆಡ್ಡಿಗೆ ಬಂದಾಗ ನಾಯಿ ವ್ಯಾನಿನ ಎಂಜಿನ್ ಸೀಮೆಎಣ್ಣೆಯ ಬಾಣಲೆಗಳಲ್ಲಿ ತುಂಡುತುಂಡಾಗಿ ನೆನೆಯುತ್ತಿತ್ತು. ಮೆಕ್ಯಾನಿಕ್ ಸಿಲಿಂಡರಿನ ಮೈಯನ್ನು ದೀಪಕ್ಕೆ ಹಿಡಿದು ಒಂದು ಕೂದಲೆಳೆಯಂಥ ಗೆರೆ ತೋರಿಸಿದ.

"ಬಿರುಕು ಬಿಟ್ಟಿದೆ ಮೇಷ್ಟ್ರೇ. ಇದನ್ನ ಕಟ್ಟಕ್ಕಾಗಲ್ಲ. ಆ ಟಣ್ ಅಂತಿತ್ತಲ್ಲ, ಅದು ಇಲ್ಲಿಂದಲೇ ಬರ್ತಿದ್ದದ್ದು. ಮೊದಲಿಂದ್ಲೂ ಒಡಕು ಇದ್ದಿರಬೇಕು. ನೀವು ಚಿಂತೆ ಮಾಡಬೇಡಿ, ಬೇರೆ ಎಂಜಿನ್ ಹುಡುಕೋಣ."

ಬೀದಿಗೆ ಸುದ್ದಿ ಹಬ್ಬಲು ಗಿರಣಿ ಅಕ್ಕನ ಗಂಟಲು ಸಾಕಾಯಿತು. "ಅಂದ್ರೆ ನಾನು ಹುಟ್ಟಿದ್ದು ನಾಯಿ ಹಿಡಿಯೋ ಗಾಡೀಲಾ ಅಣ್ಣಾ?" ಎಂದು ಅವಳು ಗಿರಣಿಯ ಬಾಗಿಲಿನಿಂದ ಕೇಳಿದಳು.

ಕೆಲವು ವಾರ ಕಳೆದವು. ಬೇರೆ ಎಂಜಿನ್ ಸಿಗಲಿಲ್ಲ. ಕಾರು ಷೆಡ್ಡಿನಲ್ಲೇ ಬಾನೆಟ್ಟು ತೆರೆದುಕೊಂಡು ನಿಂತಿತ್ತು. ಮೇಷ್ಟ್ರ ಹೆಂಡತಿ ಈಗ ದೋಣಿಯಲ್ಲೇ ಆಸ್ಪತ್ರೆಗೆ ಹೋಗುತ್ತಿದ್ದರು. "ಎಂಥಾ ಎಂಜಿನ್ ಅಂತೀರಾ! ಒಂದು ಸಲ ಎಳೆದ್ರೆ ಸಾಕು. ಹೊಗೆ ಇಲ್ಲ, ಏನಿಲ್ಲ," ಎಂದು ಊಟಕ್ಕೆ ಕೂತಾಗ ಹೊಗಳುತ್ತಿದ್ದರು. ಮೇಷ್ಟ್ರು ತಟ್ಟೆಯನ್ನೇ ನೋಡುತ್ತಿದ್ದರು.

ಒಂದು ಭಾನುವಾರ ಅಮ್ಮ ತಾವೂ ಆ ದೋಣಿ ಹತ್ತಬೇಕೆಂದು ಹಠ ಹಿಡಿದರು. ಮೇಷ್ಟ್ರು ಅವರನ್ನು ಕೈಹಿಡಿದು ಹೊಳೆಗೆ ಕರೆದುಕೊಂಡು ಹೋದರು. ದೋಣಿಯವನು ಟಿಕೆಟ್ಟಿನಲ್ಲಿ ಏನೂ ರಿಯಾಯಿತಿ ತೋರಿಸಲಿಲ್ಲ. ಎಂಜಿನ್ ಪೆಟ್ಟಿಗೆಯ ಪಕ್ಕದ ಜಾಗ ಮಾತ್ರ ಬಿಟ್ಟುಕೊಟ್ಟ.

ಅವನು ಹಗ್ಗ ಎಳೆದ. ಎಂಜಿನ್ ಒಂದೇ ಸಲಕ್ಕೆ ಎದ್ದಿತು. ದೋಣಿ ದಡ ಬಿಟ್ಟಿತು.

ಅಮ್ಮ ಪೆಟ್ಟಿಗೆಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರು. ಮುಖದ ಸುಕ್ಕುಗಳೆಲ್ಲ ಸಡಿಲಾಗಿ, ಇನ್ನೂ ಮಗ ಹುಟ್ಟಿರದ ಕಾಲದ ಯಾವುದೋ ರಸ್ತೆಯಲ್ಲಿ, ಕಿಟಕಿಯ ಗಾಳಿಗೆ ಮುಖ ಕೊಟ್ಟು ಹೋಗುತ್ತಿರುವವರಂತೆ ಕಂಡರು.

"ಇದೇ ಕಣೋ. ಇದೇ ಶಬ್ದ. ಮದುವೆಯಾದ ಹೊಸದರಲ್ಲಿ ಬೀದಿ ತುದೀಲಿ ಇದು ಕೇಳಿಸಿದ್ರೆ ಸಾಕು, ನಾನು ಒಲೆ ಹಚ್ಚೋಳು. ನಿಮ್ಮಪ್ಪ ಬಂದ್ರು ಅಂತ ಅರ್ಥ." ಕಣ್ಣು ಬಿಡದೆಯೇ ಕೇಳಿದರು, "ನಿನಗೂ ಕೇಳಿಸ್ತಾ?"

ಮೇಷ್ಟ್ರು ಕಿವಿಗೊಟ್ಟರು. ಎಂಜಿನ್ ಮಲಗಿದ ಬೆಕ್ಕಿನಂತೆ ಒಂದೇ ಸಮನೆ ಗುರುಗುಟ್ಟುತ್ತಿತ್ತು. ಟಕ ಟಕ ಇಲ್ಲ, ಟಣ್ ಇಲ್ಲ. ನೆನಪಿನಲ್ಲಿ ಎಲ್ಲೂ ಉಳಿದಿರದ, ಪರಿಚಯವೇ ಇಲ್ಲದ ಯಾರದೋ ದನಿ. ಅವರು ಇನ್ನೂ ಬಗ್ಗಿ, ಪೆಟ್ಟಿಗೆಗೆ ಕಿವಿ ಹಚ್ಚಿ, ನಡುಹೊಳೆಯವರೆಗೂ ಕೇಳಿದರು.

"ಕೇಳಿಸ್ತಾ ಅಂದೆ?"

"ಹೂಂ ಅಮ್ಮ," ಎಂದರು ಮೇಷ್ಟ್ರು. "ಅಪ್ಪಂದೇ."

ಅಮ್ಮ ನಕ್ಕರು. ದೋಣಿ ಆಚೆದಡ ಮುಟ್ಟಿತು. ಜನ ಇಳಿದರು. ಅಮ್ಮ ಏಳಲಿಲ್ಲ.

"ಇನ್ನೊಂದು ಸಲ ಹೋಗೋಣ," ಎಂದರು.

ದೋಣಿಯವನು ಕೈ ಚಾಚಿದ. ಮೇಷ್ಟ್ರು ಜೇಬಿಗೆ ಕೈ ಹಾಕಿದರು.